ವಿಶ್ವವಿದ್ಯಾಲಯದಲ್ಲಿ ವಿಕಲಚೇತನ ವಿದ್ಯಾರ್ಥಿಗೆ ಸಿಗಬೇಕಾದ ನೆರವು: ಅದು ಹೇಗೆ ನಿರ್ಧಾರವಾಗುತ್ತದೆ, ಹೇಗೆ ಕೇಳಬೇಕು

ಪದವಿ ಪ್ರವೇಶದ ಅರ್ಜಿಯಲ್ಲಿ ಅಂಗವೈಕಲ್ಯ ಇದೆಯೇ ಇಲ್ಲವೇ ಎಂದು ಕೇಳುವ ಒಂದು ಸಾಲು ಇರುತ್ತದೆ. ಅಲ್ಲಿ ‘ಇದೆ’ ಎಂದು ಗುರುತು ಹಾಕಿದರೆ ಮುಂದೇನಾಗುತ್ತದೆ ಎಂಬುದು ಬಹಳಷ್ಟು ಮನೆಗಳಲ್ಲಿ ಯಾರಿಗೂ ಸ್ಪಷ್ಟವಾಗಿ ತಿಳಿದಿರುವುದಿಲ್ಲ. ಅದು ಮೀಸಲಾತಿಗಷ್ಟೇ ಸಂಬಂಧಪಟ್ಟ ಸಾಲು ಎಂದುಕೊಂಡು ಕೆಲವರು ಮುಂದೆ ಸಾಗುತ್ತಾರೆ. ಗುರುತು ಹಾಕಿದರೆ ಮಕ್ಕಳಿಗೆ ಹಣೆಪಟ್ಟಿ ಅಂಟಿಬಿಡುತ್ತದೆ ಎಂಬ ಹೆದರಿಕೆಯಿಂದ ಇನ್ನು ಕೆಲವರು ‘ಇಲ್ಲ’ ಎಂದು ಬರೆದುಬಿಡುತ್ತಾರೆ. ಮೊದಲ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಬಂದಾಗ, ಇಲ್ಲವೇ ತರಗತಿ ಮೂರನೆಯ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲ ಎಂದು ಗೊತ್ತಾದಾಗ, ಆ ಸಾಲಿನ ಮಹತ್ವ ಅರಿವಿಗೆ ಬರುತ್ತದೆ.

ಶಾಲೆಯಲ್ಲಿ ಈ ಗೊಂದಲ ಅಷ್ಟಾಗಿ ಕಾಡುವುದಿಲ್ಲ. ಮಗುವಿನ ತೊಂದರೆ ಏನೆಂದು ತರಗತಿಯ ಶಿಕ್ಷಕರಿಗೆ ಗೊತ್ತಿರುತ್ತದೆ. ತಂದೆತಾಯಿ ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡು ಬಂದರೆ ಅರ್ಧ ಕೆಲಸ ಬಾಯಿಮಾತಿನಲ್ಲೇ ಆಗಿಹೋಗುತ್ತದೆ. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು ಒಬ್ಬರು, ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಇನ್ನೊಬ್ಬರು, ಪರೀಕ್ಷೆ ನಡೆಸುವ ವಿಭಾಗವೇ ಬೇರೆ, ಹಾಜರಾತಿಯ ಲೆಕ್ಕ ಇಡುವ ಕಚೇರಿ ಮತ್ತೊಂದು. ವಿದ್ಯಾರ್ಥಿ ಆ ಹೊತ್ತಿಗೆ ವಯಸ್ಕರಾಗಿರುವುದರಿಂದ ತನಗೆ ಬೇಕಾದುದನ್ನು ತಾನೇ ಬರವಣಿಗೆಯಲ್ಲಿ ಕೇಳಬೇಕಾಗುತ್ತದೆ. ಕೇಳುವುದಕ್ಕೆ ಮೊದಲು ಏನೇನು ಕೇಳಬಹುದು, ಯಾವ ಆಧಾರದ ಮೇಲೆ ಕೇಳಬಹುದು ಎಂಬುದು ಗೊತ್ತಿರಬೇಕು. ಭಾರತದ ಕಾನೂನು ಮತ್ತು ನಿಯಮಗಳ ಚೌಕಟ್ಟಿನಲ್ಲಿ ಆ ತಿಳಿವಳಿಕೆಯನ್ನು ಮೊದಲಿನಿಂದ ಕಟ್ಟಿಕೊಡುವುದು ಈ ಲೇಖನದ ಉದ್ದೇಶ.

ಯಾರೆಲ್ಲ ಇದರ ವ್ಯಾಪ್ತಿಗೆ ಬರುತ್ತಾರೆ?

1995ರ ಹಳೆಯ ಕಾಯ್ದೆಯು 7 ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಅದರ ಜಾಗಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು, 21 ಬಗೆಗಳನ್ನು ಪಟ್ಟಿ ಮಾಡಿದೆ. ದೃಷ್ಟಿ, ಶ್ರವಣ, ಚಲನೆಗೆ ಸಂಬಂಧಿಸಿದವು ಹೇಗೂ ಅದರಲ್ಲಿವೆ. ಕಣ್ಣಿಗೆ ಕಾಣದ ಸ್ಥಿತಿಗಳಿಗೂ ಈ ಪಟ್ಟಿಯಲ್ಲಿ ಜಾಗ ಸಿಕ್ಕಿರುವುದು ಗಮನಿಸಬೇಕಾದ ಸಂಗತಿ. ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ತೊಡಕು ತರುವ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಗಳು, ಆಟಿಸಂ, ಮಾನಸಿಕ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಕಾಯಿಲೆ ಇವೆಲ್ಲ ಅದರಲ್ಲಿ ಸೇರಿವೆ. ಆಸಿಡ್ ದಾಳಿಗೆ ಒಳಗಾದವರನ್ನೂ ಕಾಯ್ದೆ ಒಳಗೊಂಡಿದೆ.

ಕಾಯ್ದೆ ಕೊಡುವ ವ್ಯಾಖ್ಯಾನವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ದೀರ್ಘಕಾಲ ಉಳಿಯುವ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯ ಸಂಬಂಧಿ ನ್ಯೂನತೆಯು ಸುತ್ತಲಿನ ಅಡೆತಡೆಗಳೊಂದಿಗೆ ಸೇರಿಕೊಂಡು, ಇತರರಿಗೆ ಸಮನಾಗಿ ಸಮಾಜದಲ್ಲಿ ಭಾಗವಹಿಸುವುದನ್ನು ತಡೆದರೆ ಅಂಥವರು ವಿಕಲಚೇತನರು ಎಂಬುದು ಅದರ ಸಾರ. ಅಂದರೆ ಕಾನೂನಿನ ದೃಷ್ಟಿಯಲ್ಲಿ ದೇಹದ ಸ್ಥಿತಿ ಸಮಸ್ಯೆಯ ಅರ್ಧಭಾಗ ಮಾತ್ರ; ಉಳಿದರ್ಧ ಕಟ್ಟಡದಲ್ಲಿ, ಪುಸ್ತಕದಲ್ಲಿ, ಪರೀಕ್ಷೆಯ ವಿಧಾನದಲ್ಲಿ ಇರುತ್ತದೆ. ವೈದ್ಯರ ಕೈಯಲ್ಲಿ ಮೊದಲ ಅರ್ಧವಿದೆ. ಎರಡನೆಯದನ್ನು ಬದಲಿಸುವ ಹೊಣೆ ಸಂಸ್ಥೆಯದು.

ಈ ತಿಳಿವಳಿಕೆಗೆ ಅಂತರರಾಷ್ಟ್ರೀಯ ಹಿನ್ನೆಲೆಯೂ ಇದೆ. ವಿಶ್ವಸಂಸ್ಥೆ 2006ರ ಡಿಸೆಂಬರ್ 13ರಂದು ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 2007ರ ಅಕ್ಟೋಬರ್ 1ರಂದು ಅದನ್ನು ಅನುಮೋದಿಸಿತು. 2016ರ ಕಾಯ್ದೆ ಆ ಒಪ್ಪಂದವನ್ನು ದೇಶದೊಳಗೆ ಜಾರಿಗೆ ತರಲು ರೂಪುಗೊಂಡದ್ದು.

ಶೇಕಡಾ 40 ಎಂಬ ಗೆರೆ

ಪ್ರಮಾಣಪತ್ರಗಳಲ್ಲಿ ಕಾಣುವ ಶೇಕಡಾವಾರು ಲೆಕ್ಕ ಜನರನ್ನು ಹೆಚ್ಚು ಗೊಂದಲಕ್ಕೆ ತಳ್ಳುವ ಸಂಗತಿ. ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರವು ಅಂಗವೈಕಲ್ಯದ ಪ್ರಮಾಣವನ್ನು ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ದೃಢೀಕರಿಸಿದರೆ ಅದನ್ನು ಬೆಂಚ್‌ಮಾರ್ಕ್ ಅಂಗವೈಕಲ್ಯ ಎನ್ನುತ್ತಾರೆ. ಸರ್ಕಾರಿ ಮತ್ತು ಸರ್ಕಾರದ ಅನುದಾನ ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳ ಮೀಸಲಾತಿ ಮತ್ತು ಪ್ರವೇಶದ ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ ಈ ಗೆರೆಯನ್ನು ದಾಟಿದವರಿಗೆ ಮೀಸಲು. ಹಳೆಯ ಕಾಯ್ದೆಯಲ್ಲಿ ಮೀಸಲಾತಿ ಶೇ. 3 ಇತ್ತು.

ಈಗ ಪ್ರಮಾಣಪತ್ರದ ಜೊತೆಗೆ ಯುಡಿಐಡಿ ಎಂಬ ಗುರುತಿನ ಚೀಟಿಯನ್ನೂ ಕೊಡಲಾಗುತ್ತದೆ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಸೂಚಿಸಿದ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾದ ಮೇಲೆ ಅದು ಬರುತ್ತದೆ. ಶೇ. 40ಕ್ಕಿಂತ ಕಡಿಮೆ ಇರುವವರಿಗೆ ಬಿಳಿ, 40ರಿಂದ 80ರವರೆಗೆ ಹಳದಿ, ಅದಕ್ಕಿಂತ ಮೇಲಿನವರಿಗೆ ನೀಲಿ ಪಟ್ಟಿಯ ಕಾರ್ಡು ಸಿಗುತ್ತದೆ.

ಶೇ. 40 ಇಲ್ಲದಿದ್ದರೆ ಯಾವ ನೆರವೂ ಇಲ್ಲ ಎಂಬ ನಂಬಿಕೆ ಕಚೇರಿಗಳಲ್ಲಿ ಬಲವಾಗಿ ಬೇರೂರಿದೆ. ಅದು ತಪ್ಪು. ಮೀಸಲಾತಿ, ವಯೋಮಿತಿ ಸಡಿಲಿಕೆಯಂಥ ಸೌಲಭ್ಯಗಳಿಗೆ ಮಾತ್ರ ಆ ಗೆರೆ ಅನ್ವಯಿಸುತ್ತದೆ; ಕಲಿಯಲು ಮತ್ತು ಪರೀಕ್ಷೆ ಬರೆಯಲು ಬೇಕಾದ ಹೊಂದಾಣಿಕೆಯ ಹಕ್ಕು ಕಾಯ್ದೆಯ ವ್ಯಾಪ್ತಿಯ ಎಲ್ಲ ವಿಕಲಚೇತನರದು. ಬರೆಯುವಾಗ ಕೈ ಸ್ನಾಯುಗಳು ಸೆಟೆದುಕೊಳ್ಳುವ ಸ್ಥಿತಿಯಿದ್ದ ಅಭ್ಯರ್ಥಿಯೊಬ್ಬರಿಗೆ ಶೇ. 40ರ ಕಾರಣ ಒಡ್ಡಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಸ್ಕ್ರೈಬ್, ಅಂದರೆ ಅವರ ಪರವಾಗಿ ಉತ್ತರ ಬರೆಯುವವರನ್ನು, ನಿರಾಕರಿಸಲಾಗಿತ್ತು. 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಆ ನಿರಾಕರಣೆಯನ್ನು ಒಪ್ಪಲಿಲ್ಲ. ಆ ತೀರ್ಪಿನ ಫಲವಾಗಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಶೇ. 40ಕ್ಕಿಂತ ಕಡಿಮೆ ಅಂಗವೈಕಲ್ಯವಿದ್ದು ಬರೆಯಲು ಕಷ್ಟಪಡುವವರಿಗಾಗಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು.

ಶೇಕಡಾವಾರು ಸಂಖ್ಯೆಯನ್ನು ಯಾಂತ್ರಿಕವಾಗಿ ಬಳಸಿದರೆ ಎಂಥ ವಿಪರ್ಯಾಸ ಹುಟ್ಟುತ್ತದೆ ಎಂಬುದಕ್ಕೆ ವೈದ್ಯಕೀಯ ಪ್ರವೇಶದ ಒಂದು ಪ್ರಕರಣ ಸಾಕು. ಮಾತು ಮತ್ತು ಭಾಷೆಯ ನ್ಯೂನತೆಯಿದ್ದ ವಿದ್ಯಾರ್ಥಿಯೊಬ್ಬರ ಅಂಗವೈಕಲ್ಯ ಶೇ. 40 ದಾಟಿದ್ದರಿಂದ ಮೀಸಲಾತಿಯ ಅರ್ಹತೆಯೇನೋ ಬಂತು, ಆದರೆ ಅಂದಿನ ನಿಯಮದ ಪ್ರಕಾರ ಅದೇ ಪ್ರಮಾಣವು ಎಂಬಿಬಿಎಸ್ ಓದಲು ಅನರ್ಹತೆಯೂ ಆಯಿತು. 2024ರ ಅಕ್ಟೋಬರ್ 15ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಂಖ್ಯೆಯೊಂದನ್ನೇ ನೋಡಿ ಯಾರನ್ನೂ ಹೊರಗಿಡಬಾರದು, ವಿದ್ಯಾರ್ಥಿ ಆ ಕೋರ್ಸನ್ನು ಓದಬಲ್ಲರೇ ಎಂಬುದನ್ನು ಅಂಗವೈಕಲ್ಯ ಮೌಲ್ಯಮಾಪನ ಮಂಡಳಿ ಪರಿಶೀಲಿಸಿ ಕಾರಣ ಸಹಿತ ದಾಖಲಿಸಬೇಕು ಎಂದಿತು.

ಎರಡು ಬಗೆಯ ನೆರವು

ವಿಶ್ವವಿದ್ಯಾಲಯ ಒದಗಿಸಬೇಕಾದುದನ್ನು ಎರಡು ಭಾಗವಾಗಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಯಾರೂ ಕೇಳುವ ಮೊದಲೇ, ಎಲ್ಲರಿಗೂ ಅನ್ವಯಿಸುವಂತೆ ಮಾಡಿಡಬೇಕಾದ ವ್ಯವಸ್ಥೆ ಮೊದಲನೆಯದು. ಇಳಿಜಾರು ದಾರಿ, ಲಿಫ್ಟ್, ಬಳಸಲು ಬರುವ ಶೌಚಾಲಯ, ಸ್ಕ್ರೀನ್ ರೀಡರ್ (ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಓದಬಲ್ಲ ಜಾಲತಾಣ ಇವು ಈ ಗುಂಪಿಗೆ ಸೇರುತ್ತವೆ. ಇದನ್ನು ಸುಗಮ್ಯತೆ ಎನ್ನುತ್ತಾರೆ. ಒಬ್ಬ ನಿರ್ದಿಷ್ಟ ವಿದ್ಯಾರ್ಥಿಯ ಅಗತ್ಯ ನೋಡಿ ಮಾಡುವ ಬದಲಾವಣೆ ಎರಡನೆಯದು. ಕಾನೂನಿನಲ್ಲಿ ರೀಸನಬಲ್ ಅಕಾಮಡೇಷನ್ ಎಂದು ಕರೆಯುವ ಇದನ್ನು ಇಲ್ಲಿ ಸೂಕ್ತ ಹೊಂದಾಣಿಕೆ ಎಂದು ಕರೆಯೋಣ. ಸಂಸ್ಥೆಯ ಮೇಲೆ ವಿಪರೀತ ಅಥವಾ ಅನುಚಿತ ಹೊರೆ ಬೀಳದಂತೆ, ಆ ಸಂದರ್ಭಕ್ಕೆ ಅಗತ್ಯವಾದ ತಕ್ಕ ಮಾರ್ಪಾಡು ಎಂಬುದು ಅದರ ವ್ಯಾಖ್ಯಾನ.

ಈ ‘ಹೊರೆ’ ಎಂಬ ಮಾತನ್ನು ಹಿಡಿದುಕೊಂಡು ಸಂಸ್ಥೆಗಳು ಜಾರಿಕೊಳ್ಳುವುದುಂಟು. ಸ್ವಲ್ಪ ಖರ್ಚು, ಸ್ವಲ್ಪ ತಲೆನೋವು ಆಗುತ್ತದೆ ಎಂಬುದಷ್ಟೇ ಅನುಚಿತ ಹೊರೆ ಎನಿಸಿಕೊಳ್ಳುವುದಿಲ್ಲ. ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯ್ದೆಯ ವ್ಯಾಖ್ಯಾನದಲ್ಲೇ ಹೇಳಲಾಗಿದೆ.

ಮೊದಲನೆಯದು ಸರಿಯಾಗಿದ್ದಷ್ಟೂ ಎರಡನೆಯದರ ಅಗತ್ಯ ಕಡಿಮೆಯಾಗುತ್ತದೆ. ಪಠ್ಯವೆಲ್ಲ ಓದಲು ಬರುವ ಡಿಜಿಟಲ್ ರೂಪದಲ್ಲೇ ಇದ್ದರೆ ಅಂಧ ವಿದ್ಯಾರ್ಥಿ ಪ್ರತಿ ವಿಷಯಕ್ಕೂ ಅರ್ಜಿ ಹಿಡಿದು ಅಲೆಯಬೇಕಿಲ್ಲ.

ಪರೀಕ್ಷೆ: ಅಳೆಯುತ್ತಿರುವುದು ಏನನ್ನು?

ಹೆಚ್ಚುವರಿ ಸಮಯ ಕೊಟ್ಟರೆ ಉಳಿದವರಿಗೆ ಅನ್ಯಾಯವಾಗುವುದಿಲ್ಲವೇ ಎಂಬ ಪ್ರಶ್ನೆ ಸಹಪಾಠಿಗಳಿಂದಲೂ ಕೆಲವೊಮ್ಮೆ ಅಧ್ಯಾಪಕರಿಂದಲೂ ಬರುತ್ತದೆ. ಪ್ರಶ್ನೆ ಸಹಜವಾದದ್ದೇ. ಅಂಗಡಿಗೆ ನಾವೇ ಪಾತ್ರೆ ಒಯ್ದು ಎಣ್ಣೆ ಕೊಂಡಾಗ, ಅಂಗಡಿಯವರು ಮೊದಲು ಖಾಲಿ ಪಾತ್ರೆಯನ್ನು ತೂಗಿ, ಆ ತೂಕವನ್ನು ಕಳೆದು ಎಣ್ಣೆಯ ಲೆಕ್ಕ ಹಿಡಿಯುತ್ತಾರೆ. ಭಾರದ ಪಾತ್ರೆ ತಂದವರಿಗೆ ಹೆಚ್ಚು ಕಳೆಯುತ್ತಾರೆ, ಹಗುರದ್ದಕ್ಕೆ ಕಡಿಮೆ. ಇದರಿಂದ ಯಾರಿಗೂ ಎಣ್ಣೆ ಹೆಚ್ಚು ಸಿಗುವುದಿಲ್ಲ. ಪಾತ್ರೆಯ ತೂಕ ಎಣ್ಣೆಯ ಲೆಕ್ಕಕ್ಕೆ ಸೇರದಂತಾಗುತ್ತದೆ, ಅಷ್ಟೆ. ಇತಿಹಾಸದ ಪರೀಕ್ಷೆ ಅಳೆಯಬೇಕಾದದ್ದು ಇತಿಹಾಸದ ತಿಳಿವಳಿಕೆಯನ್ನು. ಕೈಬೆರಳುಗಳು ಎಷ್ಟು ವೇಗವಾಗಿ ಓಡುತ್ತವೆ, ಅಕ್ಷರವನ್ನು ಕಣ್ಣು ಎಷ್ಟು ಬೇಗ ಗುರುತಿಸುತ್ತದೆ ಎಂಬುದು ಆ ಅಳತೆಗೆ ಬೆರೆಯಬಾರದು.

ಯಾವ ಹೊಂದಾಣಿಕೆ ಸರಿ, ಯಾವುದು ಸಲ್ಲದು ಎಂದು ತೀರ್ಮಾನಿಸಲೂ ಇದೇ ತತ್ವ ನೆರವಾಗುತ್ತದೆ. ಡಿಸ್ಲೆಕ್ಸಿಯಾ ಇರುವ ಅರ್ಥಶಾಸ್ತ್ರದ ವಿದ್ಯಾರ್ಥಿಯ ಕಾಗುಣಿತ ದೋಷಗಳಿಗೆ ಅಂಕ ಕಳೆಯದಿರುವುದು ಯುಕ್ತ, ಏಕೆಂದರೆ ಅಲ್ಲಿ ಕಾಗುಣಿತ ಅಳತೆಯ ವಸ್ತುವಲ್ಲ. ಕರಡು ತಿದ್ದುವ ಕೌಶಲವನ್ನೇ ಪರೀಕ್ಷಿಸುವ ಪತ್ರಿಕೆಯಲ್ಲಿ ಅದೇ ರಿಯಾಯಿತಿ ಕೊಟ್ಟರೆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಅಧ್ಯಾಪಕರು ತಮ್ಮ ವಿಷಯದಲ್ಲಿ ಯಾವುದು ತಿರುಳು, ಯಾವುದು ಸಾಗಣೆಯ ಸಾಧನ ಎಂದು ಬಿಡಿಸಿ ಹೇಳಬಲ್ಲವರಾದರೆ ಬಹುತೇಕ ವಿವಾದಗಳು ಅಲ್ಲೇ ಮುಗಿಯುತ್ತವೆ. ಹಾಗೆ ಬಿಡಿಸಿ ಹೇಳುವುದು ತೋರುವಷ್ಟು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು.

ನಿಯಮಗಳ ವಿಷಯಕ್ಕೆ ಬರೋಣ. ಪರೀಕ್ಷಾ ವ್ಯವಸ್ಥೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್ ಸೌಲಭ್ಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಯಂಥ ಮಾರ್ಪಾಡು ಮಾಡಬೇಕೆಂದು ಕಾಯ್ದೆಯ 17ನೆಯ ಸೆಕ್ಷನ್ ಹೇಳುತ್ತದೆ. ವಿವರಗಳು 2018ರ ಆಗಸ್ಟ್ 29ರ ಕೇಂದ್ರ ಮಾರ್ಗಸೂಚಿಯಲ್ಲಿ ಬಂದವು. ಅದರಂತೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷದ ಪರಿಹಾರ ಸಮಯ ಸಿಗಬೇಕು; 3 ಗಂಟೆಯ ಪತ್ರಿಕೆಗೆ ಒಂದು ಗಂಟೆ ಸೇರುತ್ತದೆ. ಸ್ಕ್ರೈಬ್ ಬಳಸದೆ ತಾವೇ ಬರೆಯುವ ಅರ್ಹ ವಿದ್ಯಾರ್ಥಿಗಳಿಗೂ ಈ ಸಮಯ ಉಂಟು ಎಂಬುದು ಹಲವು ಪರೀಕ್ಷಾ ಕೇಂದ್ರಗಳಿಗೆ ಗೊತ್ತಿರುವುದಿಲ್ಲ.

ಸ್ಕ್ರೈಬ್ ಎಂದರೆ ವಿದ್ಯಾರ್ಥಿ ಹೇಳಿದ್ದನ್ನು ಹೇಳಿದಂತೆಯೇ ಬರೆಯುವವರು. ಪ್ರಶ್ನೆಯನ್ನು ಓದಿಹೇಳುವವರ ಅಥವಾ ಪ್ರಯೋಗಾಲಯದಲ್ಲಿ ಕೈಯಾಗಿ ನೆರವಾಗುವವರ ವ್ಯವಸ್ಥೆಯನ್ನೂ ಮಾರ್ಗಸೂಚಿ ಒಳಗೊಂಡಿದೆ. ದೃಷ್ಟಿಹೀನತೆ, ಎರಡೂ ತೋಳುಗಳ ದೌರ್ಬಲ್ಯ ಮತ್ತು ಸೆರೆಬ್ರಲ್ ಪಾಲ್ಸಿ ಇರುವವರು ಬಯಸಿದರೆ ಸಾಕು, ಸ್ಕ್ರೈಬ್ ಕೊಡಬೇಕು. ಉಳಿದವರು ಬರೆಯಲು ಆಗದ ಮಿತಿಯನ್ನು ತೋರಿಸುವ ವೈದ್ಯಕೀಯ ಪತ್ರ ತರಬೇಕು. 2018ರ ಆ ಮಾರ್ಗಸೂಚಿಯಂತೆ ವಿದ್ಯಾರ್ಥಿ ತನ್ನವರನ್ನೇ ಕರೆತಂದರೆ ಅವರ ವಿದ್ಯಾರ್ಹತೆ ಪರೀಕ್ಷೆ ಬರೆಯುವವರಿಗಿಂತ ಒಂದು ಹಂತ ಕೆಳಗಿರಬೇಕಿತ್ತು. ಸಂಸ್ಥೆಯ ಪಟ್ಟಿಯಿಂದ ಆರಿಸಿಕೊಂಡರೆ ಪರೀಕ್ಷೆಗೆ ಎರಡು ದಿನ ಮೊದಲು ಭೇಟಿಗೆ ಅವಕಾಶ ಮಾಡಿಕೊಡಬೇಕು. ಈ ನಿಯಮಗಳು 2025ರಲ್ಲಿ ಪರಿಷ್ಕರಣೆಗೊಂಡಿದ್ದು, ಆಗಾಗ ಬದಲಾಗುವುದರಿಂದ ಆಯಾ ಪರೀಕ್ಷೆಯ ಅಧಿಸೂಚನೆಯನ್ನು ಓದಿಕೊಳ್ಳುವುದು ಕ್ಷೇಮ.

ಎರಡು ದಿನ ಮೊದಲಿನ ಆ ಭೇಟಿ ಶಿಷ್ಟಾಚಾರಕ್ಕೆಂದು ಇಟ್ಟದ್ದಲ್ಲ. ಉತ್ತರವನ್ನು ಬಾಯಲ್ಲಿ ಹೇಳಿ ಬರೆಸುವುದೇ ಒಂದು ಕಲೆ. ಗಣಿತದ ಪತ್ರಿಕೆಯಲ್ಲಿ ‘ಎ ಪ್ಲಸ್ ಬಿ ಬೈ ಸಿ’ ಎಂದರೆ ಎ ಮತ್ತು ಬಿ ಎರಡನ್ನೂ ಕೂಡಿ ಸಿಯಿಂದ ಭಾಗಿಸಬೇಕೋ, ಬಿಯನ್ನು ಮಾತ್ರ ಭಾಗಿಸಬೇಕೋ ಎಂಬುದು ಹೇಳುವವರಿಗೂ ಬರೆಯುವವರಿಗೂ ಮೊದಲೇ ಒಪ್ಪಂದವಾಗಿರಬೇಕು. ಹಳೆಗನ್ನಡ ಪದ್ಯವನ್ನು ಉದ್ಧರಿಸಬೇಕಾದರೆ ಶಕಟರೇಫವನ್ನು (ಱ), ಒತ್ತಕ್ಷರವನ್ನು ಹೇಗೆ ಸೂಚಿಸುವುದು? ಹಿಂದೆಂದೂ ಮುಖ ನೋಡದ ಇಬ್ಬರನ್ನು ಪರೀಕ್ಷೆಯ ಗಂಟೆ ಬಾರಿಸಿದ ಮೇಲೆ ಜೊತೆಗೆ ಕೂರಿಸಿದರೆ ಕೊಟ್ಟ ಹೆಚ್ಚುವರಿ ಸಮಯವೂ ಇಂಥ ವಿವರಣೆಗಳಲ್ಲೇ ಕರಗಿಹೋಗುತ್ತದೆ. ಇದೇ ಕಾರಣಕ್ಕೆ ಕಂಪ್ಯೂಟರಿನಲ್ಲಿ ತಾವೇ ಟೈಪ್ ಮಾಡಿ ಉತ್ತರಿಸುವ ಆಯ್ಕೆಯನ್ನು ಹಲವು ವಿದ್ಯಾರ್ಥಿಗಳು ಇಷ್ಟಪಡುತ್ತಾರೆ, ಮಾರ್ಗಸೂಚಿಯಲ್ಲೂ ಅದಕ್ಕೆ ಅವಕಾಶವಿದೆ.

ನಿಯಮ ಕಾಗದದಲ್ಲಿದ್ದೂ ಮೇಲ್ವಿಚಾರಕರಿಗೆ ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು 2021ರ ನವೆಂಬರ್ 23ರ ಸುಪ್ರೀಂ ಕೋರ್ಟ್ ತೀರ್ಪು ದಾಖಲಿಸಿದೆ. ಬರವಣಿಗೆಯ ಕಲಿಕಾ ನ್ಯೂನತೆಯಿದ್ದ ವಿದ್ಯಾರ್ಥಿನಿಯೊಬ್ಬರಿಗೆ ನೀಟ್ ಪರೀಕ್ಷೆಯಲ್ಲಿ ಸಿಗಬೇಕಿದ್ದ ಒಂದು ಗಂಟೆಯನ್ನು ಕೊಡದೆ ಉತ್ತರಪತ್ರಿಕೆಯನ್ನು ಕಿತ್ತುಕೊಳ್ಳಲಾಗಿತ್ತು. ಮರುಪರೀಕ್ಷೆಗೆ ನ್ಯಾಯಾಲಯ ಆದೇಶಿಸಲಿಲ್ಲ, ಆದರೆ ಆದ ಅನ್ಯಾಯವನ್ನು ಸರಿಪಡಿಸಲು ಏನು ಮಾಡಬಹುದೆಂದು ಒಂದು ವಾರದೊಳಗೆ ಪರಿಶೀಲಿಸುವಂತೆ ಪರೀಕ್ಷಾ ಸಂಸ್ಥೆಗೆ ಹೇಳಿತು. ಪರೀಕ್ಷೆಗೆ ಮುನ್ನವೇ ಅನುಮತಿ ಪತ್ರದ ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳುವುದು ಏಕೆ ಮುಖ್ಯ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಕನ್ನಡದ ಪಠ್ಯ ಯಂತ್ರಕ್ಕೆ ಏಕೆ ಓದಲು ಬರುವುದಿಲ್ಲ?

ಅಂಧ ವಿದ್ಯಾರ್ಥಿಗಳು ಕಂಪ್ಯೂಟರ್ ಮತ್ತು ಫೋನ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಮೂಲಕ. ಪರದೆಯ ಮೇಲಿರುವ ಪಠ್ಯವನ್ನು ಅದು ಧ್ವನಿಯಾಗಿಸುತ್ತದೆ ಅಥವಾ ಬ್ರೈಲ್ ಸಾಧನಕ್ಕೆ ಕಳಿಸುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಹಾಗಿದ್ದರೆ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ತೊಂದರೆ ಎಲ್ಲಿ ಬರುತ್ತದೆ?

ಒಂದು ತೊಂದರೆ ಹಳೆಯ ಫಾಂಟುಗಳದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕನ್ನಡ, ಕಡತದ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಾಗಿಯೇ ಉಳಿಯುತ್ತಿತ್ತು. ಆ ಸಂಕೇತಗಳ ಮೇಲೆ ಕನ್ನಡದ ಆಕಾರವನ್ನು ಬಿಡಿಸುವುದಷ್ಟೇ ಫಾಂಟಿನ ಕೆಲಸವಾಗಿತ್ತು. ಕಣ್ಣಿರುವವರಿಗೆ ಕನ್ನಡ ಕಾಣುತ್ತದೆ. ಆಕಾರವನ್ನು ನೋಡದೆ ಸಂಕೇತವನ್ನು ಮಾತ್ರ ಓದುವ ಸ್ಕ್ರೀನ್ ರೀಡರ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಸಿಗುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವುದರಿಂದ ಈ ಸಮಸ್ಯೆ ಬರುವುದಿಲ್ಲ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಅಧ್ಯಾಪಕರು ವರ್ಷಗಳಿಂದ ಹಂಚುತ್ತ ಬಂದ ಟಿಪ್ಪಣಿಯನ್ನು ಒಮ್ಮೆ ಪರಿವರ್ತಿಸಿ, ಒತ್ತಕ್ಷರದ ತಪ್ಪುಗಳನ್ನು ತಿದ್ದಿಟ್ಟರೆ ಮುಂದಿನ ಬ್ಯಾಚುಗಳಿಗೂ ಕೆಲಸಕ್ಕೆ ಬರುತ್ತದೆ. ಇಡೀ ಸುಗಮ್ಯತೆಯ ಚರ್ಚೆಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಇನ್ನೊಂದು ಕೆಲಸ ನನಗೆ ಕಾಣುವುದಿಲ್ಲ.

ಇನ್ನೊಂದು ತೊಂದರೆ ಸ್ಕ್ಯಾನ್ ಮಾಡಿದ ಪುಟಗಳದು. ಪುಸ್ತಕವನ್ನು ಜೆರಾಕ್ಸ್ ಮಾಡಿದಂತೆ ಸ್ಕ್ಯಾನ್ ಮಾಡಿ ಪಿಡಿಎಫ್ ಕಳಿಸಿದರೆ ಅದು ಪಠ್ಯವಲ್ಲ, ಪಠ್ಯದ ಫೋಟೋ. ಅದರಿಂದ ಅಕ್ಷರಗಳನ್ನು ಗುರುತಿಸಿ ತೆಗೆಯುವ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಆದರೆ ಮಸುಕಾದ ಹಳೆಯ ಮುದ್ರಣ, ಒತ್ತಕ್ಷರ, ಅಂಚಿನಲ್ಲಿ ಯಾರೋ ಗೀಚಿದ ಟಿಪ್ಪಣಿ ಇವುಗಳ ನಡುವೆ ತಪ್ಪುಗಳು ನುಸುಳುವುದರಿಂದ ಒಬ್ಬರು ಕುಳಿತು ತಿದ್ದಲೇಬೇಕಾಗುತ್ತದೆ. ಚಿತ್ರ, ನಕ್ಷೆ, ಕೋಷ್ಟಕಗಳಿದ್ದರೆ ಅವುಗಳಿಗೆ ಮಾತಿನಲ್ಲಿ ವಿವರಣೆ ಬರೆಯಬೇಕು.

ಪುಸ್ತಕವನ್ನು ಹೀಗೆ ರೂಪಾಂತರಿಸಿದರೆ ಹಕ್ಕುಸ್ವಾಮ್ಯ ಉಲ್ಲಂಘನೆಯಾಗುತ್ತದೆ ಎಂದು ಗ್ರಂಥಪಾಲಕರು ಹಿಂಜರಿಯುವುದುಂಟು. ಆ ಆತಂಕಕ್ಕೆ ಆಧಾರವಿಲ್ಲ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯು ವಿಕಲಚೇತನರ ಓದಿಗಾಗಿ, ಲಾಭದ ಉದ್ದೇಶವಿಲ್ಲದೆ, ಕೃತಿಯನ್ನು ಸುಗಮ್ಯ ರೂಪಕ್ಕೆ ತರಲು ಸ್ಪಷ್ಟ ವಿನಾಯಿತಿ ನೀಡಿದೆ. ಇಂಥ ಪ್ರತಿಗಳನ್ನು ದೇಶಗಳ ನಡುವೆ ಹಂಚಿಕೊಳ್ಳಲು ದಾರಿ ಮಾಡಿದ್ದು 2013ರ ಜೂನ್ 27ರಂದು ಅಂಗೀಕಾರವಾದ ಮರಾಕೇಶ್ ಒಪ್ಪಂದ. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರ ಆಗಸ್ಟ್‌ನಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಅಂತರಜಾಲ ಗ್ರಂಥಾಲಯದಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳೂ ಇವೆ. ಮುದ್ರಿತ ಪುಸ್ತಕ ಓದಲಾಗದವರು ಅದರ ಸದಸ್ಯರಾಗಬಹುದು. ಡಿಸ್ಲೆಕ್ಸಿಯಾ ಇರುವವರು, ಪುಸ್ತಕ ಹಿಡಿದು ಪುಟ ತಿರುವಲಾಗದವರು ಕೂಡ ಇದರಲ್ಲಿ ಸೇರುತ್ತಾರೆ.

ತರಗತಿಯ ಒಳಗೆ

ಶ್ರವಣ ನ್ಯೂನತೆಯಿರುವ ಎಲ್ಲರಿಗೂ ಒಂದೇ ನೆರವು ಹೊಂದುವುದಿಲ್ಲ. ಶ್ರವಣಯಂತ್ರ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಬಳಸುವವರಿಗೆ ಅಧ್ಯಾಪಕರ ಧ್ವನಿಯನ್ನು ನೇರವಾಗಿ ಯಂತ್ರಕ್ಕೆ ತಲುಪಿಸುವ ಚಿಕ್ಕ ಮೈಕು ಸಾಕಾಗಬಹುದು. ತುಟಿಯ ಚಲನೆ ನೋಡಿ ಗ್ರಹಿಸುವವರಿಗೆ ಅಧ್ಯಾಪಕರು ಹಲಗೆಯ ಕಡೆ ತಿರುಗಿ ಮಾತಾಡದಿರುವುದೇ ದೊಡ್ಡ ಉಪಕಾರ. ಸನ್ನೆ ಭಾಷೆಯಲ್ಲೇ ಬೆಳೆದವರಿಗೆ ದುಭಾಷಿ ಬೇಕು. ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿಗಾಗಿ 2015ರಲ್ಲಿ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಸ್ಥಾಪನೆಯಾಗಿದೆ. ಬಿಡುವಿಲ್ಲದೆ ಕೇಳುತ್ತ ಅನುವಾದಿಸುವುದು ದಣಿಸುವ ಕೆಲಸವಾದ್ದರಿಂದ ದೀರ್ಘ ಉಪನ್ಯಾಸಗಳಿಗೆ ಇಬ್ಬರು ದುಭಾಷಿಗಳು ಸರದಿಯಲ್ಲಿ ನಿಲ್ಲುವುದು ವಾಡಿಕೆ. ಪಾಠದ ಪಾರಿಭಾಷಿಕ ಪದಗಳ ಪಟ್ಟಿಯನ್ನು ಅವರಿಗೆ ಮುಂಚಿತವಾಗಿ ಕೊಡದಿದ್ದರೆ ಪ್ರತಿ ಪದವನ್ನೂ ಬೆರಳಿನಲ್ಲಿ ಅಕ್ಷರ ಅಕ್ಷರವಾಗಿ ಹೇಳುತ್ತ ಕೂರಬೇಕಾಗುತ್ತದೆ.

ದುಭಾಷಿಯನ್ನು ನೋಡುತ್ತಿರುವ ವಿದ್ಯಾರ್ಥಿ ಅದೇ ಹೊತ್ತಿಗೆ ತಲೆತಗ್ಗಿಸಿ ಟಿಪ್ಪಣಿ ಬರೆಯಲಾರರು. ಆದ್ದರಿಂದ ಸಹಪಾಠಿಯ ಟಿಪ್ಪಣಿಯ ಪ್ರತಿ, ಇಲ್ಲವೇ ಉಪನ್ಯಾಸದ ಬರಹ ರೂಪ ಕೂಡ ನೆರವಿನ ಭಾಗವಾಗುತ್ತದೆ. ಗಮನ ನಿಲ್ಲಿಸಲು ಕಷ್ಟಪಡುವವರಿಗೆ, ಬೇಗ ಬರೆಯಲಾಗದವರಿಗೆ ಪಾಠವನ್ನು ಧ್ವನಿಮುದ್ರಿಸಿಕೊಳ್ಳುವ ಅನುಮತಿ ಉಪಯುಕ್ತ.

ಮಾನಸಿಕ ಕಾಯಿಲೆ, ಅಪಸ್ಮಾರ, ಸಿಕಲ್ ಸೆಲ್‌ನಂಥ ಏರಿಳಿತದ ಸ್ಥಿತಿಗಳ ವಿಷಯ ಬೇರೆ. ಈ ವಾರ ಸಂಪೂರ್ಣ ಚೆನ್ನಾಗಿರುವ ವಿದ್ಯಾರ್ಥಿ ಮುಂದಿನ ವಾರ ಹಾಸಿಗೆ ಬಿಟ್ಟು ಏಳಲಾರದೆ ಹೋಗಬಹುದು. ಇವರಿಗೆ ಬೇಕಾದದ್ದು ಉಪಕರಣಕ್ಕಿಂತ ಹೆಚ್ಚಾಗಿ ವೇಳಾಪಟ್ಟಿಯ ಸಡಿಲಿಕೆ: ನಿಯೋಜಿತ ಕಾರ್ಯ ಒಪ್ಪಿಸಲು ಹೆಚ್ಚು ದಿನ, ಒಂದೇ ದಿನ ಎರಡು ಪರೀಕ್ಷೆ ಬೀಳದಂತೆ ಏರ್ಪಾಡು, ಪರೀಕ್ಷೆಯ ನಡುವೆ ವಿರಾಮ, ಹಾಜರಾತಿಯ ಕೊರತೆಯನ್ನು ಪರಿಗಣಿಸುವಾಗ ಕಾಯಿಲೆಯ ದಾಖಲೆಗೆ ಬೆಲೆ. ಹೊರಗೆ ಏನೂ ಕಾಣದ ಕಾರಣ ಇವರು ನೆಪ ಹೇಳುತ್ತಿದ್ದಾರೆ ಎಂಬ ಅನುಮಾನ ಬಹುಬೇಗ ಹುಟ್ಟುತ್ತದೆ. ಕಾಯಿಲೆ ಶಾಂತವಾಗಿರುವ ದಿನಗಳಲ್ಲೇ ಹೊಂದಾಣಿಕೆಯ ಪತ್ರವನ್ನು ಮಾಡಿಸಿಟ್ಟುಕೊಂಡರೆ, ಉಲ್ಬಣಿಸಿದಾಗ ಓಡಾಡುವ ಪ್ರಮೇಯ ಬರುವುದಿಲ್ಲ.

ಕಟ್ಟಡದ ಲೆಕ್ಕ

ಇಳಿಜಾರು ದಾರಿಯ ವಿಷಯದಲ್ಲಿ ನೆನಪಿಡಬೇಕಾದ ಅಳತೆ 1ಕ್ಕೆ 12. ಒಂದು ಅಡಿ ಎತ್ತರ ಏರಲು ಕನಿಷ್ಠ 12 ಅಡಿ ಉದ್ದದ ಇಳಿಜಾರು ಬೇಕು. ಅರ್ಧ ಅಡಿಯ ಮೂರು ಮೆಟ್ಟಿಲುಗಳ ಬದಲು ಇಳಿಜಾರು ಕಟ್ಟಬೇಕಾದರೆ 18 ಅಡಿ ಜಾಗ ಹೋಗುತ್ತದೆ. ಜಾಗ ಉಳಿಸಲು ಮೆಟ್ಟಿಲಿನ ಮೇಲೆಯೇ ಕಡಿದಾಗಿ ಸಿಮೆಂಟು ಬಳಿದರೆ ಅದು ಬೈಕು ಹತ್ತಿಸಲಷ್ಟೇ ಯೋಗ್ಯ. ಗಾಲಿಕುರ್ಚಿ ದಾಟಲು ಬಾಗಿಲಿಗೆ 900 ಮಿಲಿಮೀಟರ್ ಅಗಲ, ಶೌಚಾಲಯದ ಒಳಗೆ ಕುರ್ಚಿ ತಿರುಗಿಸಲು ಸುಮಾರು ಒಂದೂವರೆ ಮೀಟರ್ ಜಾಗ ಬೇಕು.

ಇಂಥ ಮಾನದಂಡಗಳು ಬಹುಕಾಲ ಸಲಹೆಯ ರೂಪದಲ್ಲೇ ಉಳಿದಿದ್ದವು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಕಾಯ್ದೆಯು ಕಡ್ಡಾಯವೆಂದು ಹೇಳಿದ್ದನ್ನು ನಿಯಮಗಳು ಐಚ್ಛಿಕವಾಗಿಸುವಂತಿಲ್ಲ ಎಂದು ಹೇಳಿ, ಸುಗಮ್ಯತೆಯ ಕಡ್ಡಾಯ ಮಾನದಂಡಗಳನ್ನು 3 ತಿಂಗಳೊಳಗೆ ಪ್ರತ್ಯೇಕವಾಗಿ ರೂಪಿಸುವಂತೆ ಕೇಂದ್ರಕ್ಕೆ ನಿರ್ದೇಶನ ನೀಡಿತು. ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿಯೇ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಸುಗಮ್ಯತಾ ಮಾರ್ಗಸೂಚಿಗಳನ್ನು ಪ್ರಕಟಿಸಿದೆ. ಕಟ್ಟಡ ತಿದ್ದುವುದಕ್ಕೆ ಕಾಲ ಹಿಡಿಯುತ್ತದೆ ಎಂಬುದು ನಿಜ. ಅಷ್ಟರವರೆಗೆ ಆ ವಿದ್ಯಾರ್ಥಿಯ ತರಗತಿಯನ್ನು ನೆಲಮಹಡಿಗೆ ತರುವುದು ಒಂದು ಸುತ್ತೋಲೆಯಷ್ಟರ ಕೆಲಸ.

ಯಾರನ್ನು, ಹೇಗೆ ಕೇಳಬೇಕು?

ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಸಮಾನ ಅವಕಾಶ ಕೋಶ ಅಥವಾ ವಿಕಲಚೇತನ ವಿದ್ಯಾರ್ಥಿಗಳ ಘಟಕ ಇರುತ್ತದೆ. ಕೆಲವೆಡೆ ಅದು ಸುಸಜ್ಜಿತ ಕಚೇರಿ, ಕೆಲವೆಡೆ ಬೇರೆ ಕೆಲಸಗಳ ನಡುವೆ ಒಬ್ಬ ಪ್ರಾಧ್ಯಾಪಕರು ಹೊತ್ತ ಹೆಚ್ಚುವರಿ ಜವಾಬ್ದಾರಿ. ಹೇಗಿದ್ದರೂ ಪ್ರವೇಶ ಖಚಿತವಾದ ಕೂಡಲೇ, ತರಗತಿ ಆರಂಭಕ್ಕೆ ಮೊದಲೇ ಅವರನ್ನು ಸಂಪರ್ಕಿಸುವುದು ಒಳ್ಳೆಯದು. ಪುಸ್ತಕ ರೂಪಾಂತರಕ್ಕೂ ದುಭಾಷಿಯ ಏರ್ಪಾಡಿಗೂ ವಾರಗಟ್ಟಲೆ ಸಮಯ ಬೇಕು.

ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡಿನ ಪ್ರತಿಯ ಜೊತೆಗೆ, ಯಾವ ಕೆಲಸದಲ್ಲಿ ಯಾವ ತೊಡಕು ಬರುತ್ತದೆ ಮತ್ತು ಈ ಹಿಂದೆ ಯಾವ ನೆರವಿನಿಂದ ಅನುಕೂಲವಾಗಿತ್ತು ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಡಬೇಕು. ಕಾಯಿಲೆಯ ಹೆಸರಿಗಿಂತ ಈ ವಿವರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ‘ಲೋ ವಿಷನ್’ ಎಂದಷ್ಟೇ ಬರೆದರೆ ಕಚೇರಿಗೆ ಏನೂ ಹೊಳೆಯುವುದಿಲ್ಲ. ‘18 ಪಾಯಿಂಟಿಗಿಂತ ಚಿಕ್ಕ ಅಕ್ಷರ ಓದಲಾಗದು, ಕಿಟಕಿಯ ಬೆಳಕು ಎದುರಿಗಿದ್ದರೆ ಹಲಗೆ ಕಾಣದು’ ಎಂದರೆ ಏನು ಮಾಡಬೇಕೆಂದು ತಕ್ಷಣ ಗೊತ್ತಾಗುತ್ತದೆ. ಕಲಿಕಾ ನ್ಯೂನತೆಗೆ ಶಾಲೆಯಲ್ಲಿದ್ದಾಗ ಪಡೆದ ಪ್ರಮಾಣಪತ್ರ ಈಗಲೂ ಸಲ್ಲುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು, ಹೊಸ ತಪಾಸಣೆಗೆ ಸರದಿ ಸಿಗಲು ತಡವಾಗಬಹುದು.

ಕೋಶವು ವಿದ್ಯಾರ್ಥಿಯೊಂದಿಗೆ ಮಾತಾಡಿ, ಒಪ್ಪಿದ ಹೊಂದಾಣಿಕೆಗಳನ್ನು ಪತ್ರದಲ್ಲಿ ಬರೆದು ವಿಭಾಗಕ್ಕೂ ಪರೀಕ್ಷಾ ವಿಭಾಗಕ್ಕೂ ಕಳಿಸುವುದು ಸರಿಯಾದ ಕ್ರಮ. ಆ ಪತ್ರದಲ್ಲಿ ‘ಈ ವಿದ್ಯಾರ್ಥಿಗೆ ಇಷ್ಟು ಹೆಚ್ಚುವರಿ ಸಮಯ’ ಎಂದಿದ್ದರೆ ಸಾಕು. ರೋಗನಿದಾನದ ವಿವರ ಪ್ರತಿಯೊಬ್ಬ ಅಧ್ಯಾಪಕರ ಮೇಜಿಗೂ ಹೋಗಬೇಕಾಗಿಲ್ಲ, ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದಂತೂ ಕೂಡದು. ವಿದ್ಯಾರ್ಥಿವೇತನ ಮತ್ತು ಉಪಕರಣಗಳಿಗೆ ಸರ್ಕಾರದ ಪ್ರತ್ಯೇಕ ಯೋಜನೆಗಳಿದ್ದು, ಅರ್ಜಿಯ ಕೊನೆಯ ದಿನಾಂಕಗಳನ್ನು ಇದೇ ಕೋಶದಲ್ಲಿ ಕೇಳಿ ತಿಳಿಯಬಹುದು.

ಕೋರಿಕೆ ತಿರಸ್ಕೃತವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಬಾಯಿಮಾತಿನ ‘ಆಗುವುದಿಲ್ಲ’ ಎಂಬುದರ ಮೇಲೆ ಯಾರೂ ಮೇಲ್ಮನವಿ ಸಲ್ಲಿಸಲಾರರು. ಯುಜಿಸಿಯ 2023ರ ನಿಯಮಾವಳಿಯ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ದೂರು ಪರಿಹಾರ ಸಮಿತಿ ಇರಬೇಕು, ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಆಲಿಸುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ವಿಕಲಚೇತನರ ವಿರುದ್ಧದ ತಾರತಮ್ಯವೂ ಆ ನಿಯಮಾವಳಿಯಲ್ಲಿ ದೂರಿನ ವಿಷಯ. ಇದಲ್ಲದೆ 2016ರ ಕಾಯ್ದೆಯಡಿ ಪ್ರತಿ ರಾಜ್ಯದಲ್ಲಿ ವಿಕಲಚೇತನರಿಗಾಗಿ ರಾಜ್ಯ ಆಯುಕ್ತರಿದ್ದಾರೆ, ಕೇಂದ್ರದಲ್ಲಿ ಮುಖ್ಯ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಿಕೊಳ್ಳಲು ಅವರಿಗೆ ಸಿವಿಲ್ ನ್ಯಾಯಾಲಯದಂಥ ಅಧಿಕಾರವಿದೆ. ಅವರು ಹೊರಡಿಸುವುದು ಶಿಫಾರಸು. ಅದು ಕೈಸೇರಿದ 3 ತಿಂಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರವು ಕ್ರಮ ಕೈಗೊಂಡು ತಿಳಿಸಬೇಕು, ಒಪ್ಪದಿದ್ದರೆ ಅಷ್ಟೇ ಅವಧಿಯಲ್ಲಿ ಕಾರಣವನ್ನು ಆಯುಕ್ತರಿಗೂ ದೂರು ಕೊಟ್ಟವರಿಗೂ ತಿಳಿಸಬೇಕು. ಹಾಗೆ ದಾಖಲಾದ ಕಾರಣ ಸಮರ್ಥನೀಯವಲ್ಲ ಎನಿಸಿದರೆ ಅದನ್ನೇ ಹಿಡಿದು ಹೈಕೋರ್ಟಿನಲ್ಲಿ ಪ್ರಶ್ನಿಸಲು ಅವಕಾಶವಿದೆ.